ದೆಹಲಿಯ ಚಳಿಯೂ ಗೋಡೆಯೊಳಗಿನ ಒಲೆಯೂ
(ದೆಹಲಿಯ ಕನ್ನಡಿಗರ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನೇರಿದವನು ಬನವಾಸಿಯ ಕದಂಬರಿಂದ ಹೊರಟು, ಬಾದಾಮಿ, ಮಾನ್ಯಖೇಟ, ಹಂಪೆಗಳನ್ನು ಹಾದು, 1956ರ ನವೆಂಬರ್ 1ನೆಯ ತಾರೀಖಿಗೆ ಬಂದು ಬೆವರೊರೆಸಿಕೊಳ್ಳಬೇಕೆಂಬುದು ರೂಢಿ. ಆ ಯಾತ್ರೆಯನ್ನು ನನಗಿಂತ ಬಲ್ಲವರು ಈ ಸಂಜೆ ಆಗಲೇ ಮುಗಿಸಿದ್ದಾರೆ. ಅಲ್ಲದೆ ದೆಹಲಿಯಲ್ಲಿ ನವೆಂಬರ್ ತಿಂಗಳೆಂದರೆ ಬೆವರೊರೆಸಿಕೊಳ್ಳುವ ಕಾಲವೂ ಅಲ್ಲ. ನಾವು ಭುವನೇಶ್ವರಿಗೆ ಮಂಗಳಾರತಿ ಎತ್ತಿ ಮುಗಿಸುವ ಹೊತ್ತಿಗೆ ಮನೆಮನೆಯಲ್ಲಿಯೂ ಟ್ರಂಕಿನ ಬಾಯಿ ತೆರೆದು, ನ್ಯಾಫ್ತಲೀನ್ ಗುಳಿಗೆಯ ವಾಸನೆ ಸಮೇತ ರಜಾಯಿಗಳು ಹೊರಬೀಳುತ್ತವೆ. ಆದಕಾರಣ ನಾನು ಈ ಹೊತ್ತಿಗೆ ಒಪ್ಪುವ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ: ಒಲೆ. ಅಡುಗೆಯ ಒಲೆಯಲ್ಲ, ನಮ್ಮಲ್ಲಿ ಕೆಲವರ ಸರ್ಕಾರಿ ಬಂಗಲೆಗಳ ಗೋಡೆಯೊಳಗೆ ಬಾಯಿ ತೆರೆದುಕೊಂಡು ಕುಳಿತಿರುವ, ಇಂಗ್ಲಿಷಿನವರು ಬಿಟ್ಟುಹೋದ, ಚಳಿ ಕಾಯಿಸುವ ಒಲೆ.

1911ರಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿದರು. ಹೊಸ ದೆಹಲಿಯ ಉದ್ಘಾಟನೆಯಾದದ್ದು 1931ರಲ್ಲಿ. ಈ ಇಪ್ಪತ್ತು ವರ್ಷಗಳಲ್ಲಿ ಎದ್ದ ಬಂಗಲೆಗಳಿಗೆ ಬೇಸಗೆಯನ್ನು ತಡೆಯಲು ಎತ್ತರದ ಚಾವಣಿಯನ್ನೂ ದಪ್ಪ ಗೋಡೆಯನ್ನೂ ಇಟ್ಟರು. ಚಳಿಗಾಲಕ್ಕೆಂದು ದಿವಾನಖಾನೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು ಒಲೆಯನ್ನಿಟ್ಟರು. ಎತ್ತರದ ಚಾವಣಿಗೂ ಒಲೆಗೂ ಆಗಿಬರುವುದಿಲ್ಲ. ಕಾದ ಗಾಳಿಯೆಲ್ಲ ಮೇಲೇರಿ ಫ್ಯಾನಿಗೆ ಹಿತವಾಗುತ್ತದೆಯೇ ಹೊರತು ಕೆಳಗೆ ಕುಳಿತವರ ಪಾದಕ್ಕಲ್ಲ. ಅದೇನೇ ಇರಲಿ, ಸ್ವಾತಂತ್ರ್ಯ ಬಂದ ಮೇಲೆ ಆ ಮನೆಗಳಿಗೆ ಬಂದ ನಮ್ಮವರು ಈ ಬಾಯಿಗೆ ನಾನಾ ಉಪಯೋಗಗಳನ್ನು ಕಂಡುಹಿಡಿದರು. ಚಪ್ಪಲಿ ಇಡುವ ಗೂಡಾಗಿ ಮಾಡಿದವರನ್ನು ನಾನು ಬಲ್ಲೆ. ಗೌರಿ ಗಣೇಶರನ್ನು ಕೂರಿಸಿದವರನ್ನೂ ಬಲ್ಲೆ. ಗಣಪತಿ ಅಲ್ಲಿ ಬಹಳ ಚೆನ್ನಾಗಿ ಒಪ್ಪುತ್ತಾನೆ, ಕಮಾನು ಮೊದಲೇ ಸಿದ್ಧವಾಗಿರುತ್ತದೆ. ಒಲೆಯನ್ನು ಒಲೆಯೆಂದು ಬಳಸಿದವರು ಮಾತ್ರ ವಿರಳ. ಅಂಥವರೊಬ್ಬರ ಕಥೆಯನ್ನು, ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ನಿಮ್ಮ ಮುಂದಿಡುತ್ತೇನೆ. ಅವರನ್ನು ರಾಯರೆಂದು ಕರೆಯೋಣ; ದೆಹಲಿಯಲ್ಲಿ ನೂರಾರು ರಾಯರಿರುವುದರಿಂದ ಗುರುತು ಸಿಕ್ಕುವ ಭಯವಿಲ್ಲ.

1980ರ ದಶಕದ ಒಂದು ಜನವರಿ. ರಾಯರ ತಾಯಿ ತೀರ್ಥಹಳ್ಳಿಯ ಕಡೆಯಿಂದ ಮೊದಲನೆಯ ಬಾರಿಗೆ ದೆಹಲಿಗೆ ಬಂದಿದ್ದರು. ಮಲೆನಾಡಿನವರಾದ್ದರಿಂದ ಚಳಿಯ ಅಭ್ಯಾಸ ಉಂಟೆಂದು ಸೊಸೆ ಧೈರ್ಯದಿಂದಿದ್ದರು. ಆದರೆ ಮಲೆನಾಡಿನ ಚಳಿ ಹೊದ್ದ ಕಂಬಳಿಗೆ ಮಣಿಯುವ ಸಂಭಾವಿತ ಚಳಿ. ದೆಹಲಿಯ ಜನವರಿಯ ಚಳಿ ನೆಲದ ಮೊಸಾಯಿಕ್ಕಿನಿಂದ ಮೇಲೇರಿ ಮಂಡಿಯಲ್ಲಿ ಮನೆ ಮಾಡುವಂಥದು. ಮೂರನೆಯ ದಿನ ಆ ತಾಯಿ ದಿವಾನಖಾನೆಯ ಒಲೆಯತ್ತ ಬೆರಳು ತೋರಿಸಿ, "ಮನೆಯಲ್ಲಿ ಒಲೆ ಇಟ್ಟುಕೊಂಡು ನಡುಗುವುದು ಎಂತಕ್ಕೆ ಮಾರಾಯ?" ಎಂದರು. ಮಗನಿಗೆ ಮಾತು ಸರಿಯೆನಿಸಿತು. ಒಲೆಯೊಳಗಿದ್ದ ಚಪ್ಪಲಿಗಳನ್ನು ತೆಗೆಸಿ, ಟಾಲಿಗೆ ಹೋಗಿ ಒಂದು ಹೊರೆ ಸೌದೆ ತಂದರು. ಸೌದೆ ವಿಲಾಯತಿ ಕೀಕರ್. ನಮ್ಮ ಊರಿನಲ್ಲಿ ಬಳ್ಳಾರಿ ಜಾಲಿ ಎನ್ನುತ್ತೇವಲ್ಲ, ಅದೇ ಮರ. ದೆಹಲಿಯ ದಿಣ್ಣೆಕಾಡನ್ನೆಲ್ಲ ಆವರಿಸಿಕೊಂಡಿರುವುದೂ ಅದೇ. ಒಳ್ಳೆಯ ಕೆಂಡ ಕೊಡುವ ಮರ, ಒಣಗಿದ್ದರೆ. ರಾಯರಿಗೆ ಸಿಕ್ಕಿದ್ದು ಹಸಿ.

ನಾನು ಪಕ್ಕದ ಮನೆಯವನಾದರೂ ಆ ಸಂಜೆ ಊರಲ್ಲಿರಲಿಲ್ಲ; ರಾತ್ರಿ ತಡವಾಗಿ ಬಂದವನು. ಆದ್ದರಿಂದ ಮೊದಲ ಅಂಕವನ್ನು ಅವರ ಬಾಯಿಂದ ಕೇಳಿದಂತೆಯೇ ಹೇಳುತ್ತೇನೆ. ಮಕ್ಕಳು ಚಾಪೆ ಹಾಕಿ ಕುಳಿತರು. ಅಜ್ಜಿಗೆ ಬೆತ್ತದ ಕುರ್ಚಿ. ಸೊಸೆ ಮೆಣಸಿನಕಾಯಿ ಬಜ್ಜಿ ಕರಿದು ತಂದರು. ರಾಯರು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಸಂದುಗಳಿಗೆ ಹಳೆಯ ಪಂಚೆಯ ಚೂರುಗಳನ್ನು ತುರುಕಿ, ಸೌದೆ ಜೋಡಿಸಿ, ಸೀಮೆಯೆಣ್ಣೆ ಚಿಮುಕಿಸಿ ಕಡ್ಡಿ ಗೀರಿದರು. ಉರಿ ಭುಗ್ಗೆಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಹೊಗೆ ಒಲೆಯ ಗಂಟಲಿನತ್ತ ಎರಡಡಿ ಏರಿ, ಅಲ್ಲಿ ಯಾರನ್ನೋ ಕಂಡು ಬೆಚ್ಚಿದಂತೆ ನಿಂತು, ಹಿಂದಿರುಗಿ ಚಾವಣಿಯುದ್ದಕ್ಕೂ ಹರಡಿ ಕೆಳಕ್ಕಿಳಿಯತೊಡಗಿತು. ಐದು ನಿಮಿಷದಲ್ಲಿ ಬಜ್ಜಿಯ ತಟ್ಟೆ ಕಾಣದಾಯಿತು. ಹತ್ತು ನಿಮಿಷದಲ್ಲಿ ಮನೆಯವರೆಲ್ಲ ಕಣ್ಣು ಮೂಗು ಸುರಿಸುತ್ತ ಅಂಗಳದಲ್ಲಿದ್ದರು. ಒಳಗುಳಿದವರು ರಾಯರೊಬ್ಬರೇ. ಅವರು ಧೈರ್ಯಶಾಲಿಗಳು; ಒಂದು ಬಿಂದಿಗೆ ನೀರನ್ನೆತ್ತಿ ಉರಿಯ ಮೇಲೆ ಸುರಿದರು.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಮೀರಿದ ಜಾಗವನ್ನು ಕೇಳುತ್ತದೆ. ಗೋಡೆಯೊಳಗಿನ ಸಣ್ಣ ಬಾಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಆವಿ ಮುಂದಕ್ಕೆ ನುಗ್ಗುತ್ತದೆ, ಬರುವಾಗ ಬೂದಿಯನ್ನೂ ಕಿಡಿಯನ್ನೂ ಹೊತ್ತು ತರುತ್ತದೆ. ಮಲೆನಾಡಿನ ಬಚ್ಚಲೊಲೆಯ ಮುಂದೆ ಬದುಕು ಕಳೆದ ಆ ತಾಯಿಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ, ಹೊರಗಿನಿಂದಲೇ, "ನೀರು ಹೊಯ್ಯಬೇಡ್ವೋ, ಕೊಳ್ಳಿ ಎಳೆದು ಹೊರಗೆ ತಾ!" ಎಂದು ಕೂಗಿಕೊಂಡರು. ಅಷ್ಟರಲ್ಲಿ ಬಿಂದಿಗೆ ಅರ್ಧ ಬರಿದಾಗಿತ್ತು. ರಾಯರ ಹುಬ್ಬು ಹೋಯಿತು, ಒಲೆಯ ಮುಂದಿನ ಕಾದ ಕಲ್ಲು ಅಡ್ಡಲಾಗಿ ಸೀಳಿತು, ಬಿಳಿಯ ಗೋಡೆಗೆ ಬೂದಿಯ ರಂಗವಲ್ಲಿಯಾಯಿತು. ಕಡೆಗೆ ಇಕ್ಕಳದಿಂದ ಕೊಳ್ಳಿಗಳನ್ನು ಒಂದೊಂದಾಗಿ ಕಬ್ಬಿಣದ ಬಾಣಲೆಗೆ ಹಾಕಿ ಅಂಗಳಕ್ಕೆ ಸಾಗಿಸಿದರು. ಗಾಳಿಗೆ ಬಂದದ್ದೇ ತಡ, ಹಸಿಯ ಕೊಳ್ಳಿಗಳೂ ನೊರೆ ಕಕ್ಕಿ ಒಣಗಿ ಚಟಚಟನೆ ಉರಿದವು.

ಹೊಗೆ ಏಕೆ ತಿರುಗಿತು? ಬಿಸಿಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಹೊಗೆಗೂಡಿನ ಎತ್ತರ ಹೆಚ್ಚಿದಷ್ಟೂ, ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾದಷ್ಟೂ ಎಳೆತ ಹೆಚ್ಚು. ವರ್ಷಗಟ್ಟಲೆ ಬೆಂಕಿ ಕಾಣದ ಹೊಗೆಗೂಡಿನಲ್ಲಿ ತುಂಬಿರುವುದು ತಣ್ಣನೆಯ ಭಾರವಾದ ಗಾಳಿ. ಅದು ಬಿರಡೆಯಂತೆ ಕುಳಿತಿರುತ್ತದೆ. ಬಲ್ಲವರು ಮೊದಲು ಒಂದು ಕಾಗದದ ಪಂಜನ್ನು ಹೊತ್ತಿಸಿ ಗಂಟಲಿನವರೆಗೆ ಎತ್ತಿಹಿಡಿದು ಆ ಬಿರಡೆಯನ್ನು ಬಿಸಿ ಮಾಡಿ ಮೇಲಕ್ಕೆ ಕಳುಹಿಸುತ್ತಾರೆ. ಪಂಜಿನ ಹೊಗೆ ಮೇಲೇರಿದರೆ ಸರಿ, ಮುಖಕ್ಕೆ ಬಂದರೆ ಅಂದು ಒಲೆ ಹೊತ್ತಿಸುವುದಿಲ್ಲ. ಇನ್ನೊಂದು ಸೂಕ್ಷ್ಮ: ಒಲೆ ಮೇಲಕ್ಕೆ ಕಳುಹಿಸುವಷ್ಟು ಗಾಳಿಯೂ ಕೋಣೆಯೊಳಕ್ಕೆ ಬರಬೇಕು. ಸಂದುಗಳಿಗೆಲ್ಲ ಪಂಚೆ ತುರುಕಿದರೆ ಒಲೆಗೆ ಉಸಿರೆಲ್ಲಿ? ಮೂರನೆಯದು ಸೌದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧಕ್ಕೆ ಸಮೀಪ ನೀರಿರಬಹುದು. ಬೆಂಕಿಯ ಶಾಖವೆಲ್ಲ ಆ ನೀರನ್ನು ಕುದಿಸುವುದಕ್ಕೇ ಸವೆದು, ಉರಿಯದೆ ಉಳಿದದ್ದು ಹೊಗೆಯಾಗಿ ಹೊಗೆಗೂಡಿನ ಒಳಮೈಗೆ ಟಾರಿನಂತೆ ಅಂಟುತ್ತದೆ. ಚಳಿದೇಶಗಳಲ್ಲಿ ಆ ಅಂಟೇ ಹೊತ್ತಿಕೊಂಡು ಮನೆಗಳು ಸುಟ್ಟದ್ದುಂಟು.

ಈ ಮೂರೂ ಸರಿಯಿದ್ದಿದ್ದರೂ ರಾಯರ ಒಲೆ ಎಳೆಯುತ್ತಿರಲಿಲ್ಲವೆಂಬುದು ಮುಂದಿನ ವಾರ ತಿಳಿಯಿತು. ಮಾಳಿಗೆ ಹತ್ತಿಸಿದ ಕೂಲಿಯಾಳು ಹೊಗೆಗೂಡಿನ ಮೇಲೆ ಒಂದು ಚಪ್ಪಡಿಕಲ್ಲನ್ನು ಕಂಡ. ಮಳೆನೀರು ಬೀಳದಿರಲೆಂದು ಯಾರೋ ಎಂದೋ ಮುಚ್ಚಿದ್ದು. ಅದರ ಕೆಳಗೆ, ಪಕ್ಕದ ಕಿಂಡಿಯಿಂದ ನುಗ್ಗಿದ ಪಾರಿವಾಳಗಳ ಅನೇಕ ಸಂತತಿಗಳು ಕಟ್ಟಿದ ಗೂಡುಗಳು. ಎರಡು ಗೋಣಿಚೀಲ ಕಡ್ಡಿ ಕಸ ಇಳಿಯಿತು.

ಒಲೆಯ ಶಾಸ್ತ್ರವನ್ನು ಜನ ಬಹಳ ತಡವಾಗಿ ಕಲಿತರೆಂಬುದೂ ನಿಜ. ಅಮೆರಿಕದಲ್ಲಿ 1753ರಲ್ಲಿ ಹುಟ್ಟಿ ಯೂರೋಪಿನಲ್ಲಿ ಹೆಸರು ಮಾಡಿದ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಹೊಗೆಯೊಲೆಗಳನ್ನು ತಿದ್ದಿದ. ಅವನು ಮಾಡಿದ್ದು ಸರಳ: ಒಲೆಯ ಆಳವನ್ನು ತಗ್ಗಿಸಿದ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ ಶಾಖ ಕೋಣೆಗೆ ಚಿಮ್ಮುವಂತೆ ಮಾಡಿದ, ಗಂಟಲನ್ನು ಕಿರಿದಾಗಿಸಿದ. ಹೊಗೆಗೂಡು ಗುಡಿಸುವ ಕೆಲಸಕ್ಕಂತೂ ಇಂಗ್ಲೆಂಡಿನಲ್ಲಿ ಎಳೆಯ ಹುಡುಗರನ್ನೇ ಒಳಗೆ ಹತ್ತಿಸುತ್ತಿದ್ದರು. 1840ರಲ್ಲಿ ಕಾನೂನು ನಿಷೇಧಿಸಿದರೂ ನಿಲ್ಲದೆ, 1875ರ ಕಾನೂನು ಬಂದ ಮೇಲೆ ಆ ಕ್ರೂರತೆ ಕೊನೆಗೊಂಡಿತು. ಬೆಚ್ಚನೆಯ ದಿವಾನಖಾನೆಯ ಚಿತ್ರಪಟಗಳಲ್ಲಿ ಆ ಮಕ್ಕಳು ಕಾಣುವುದಿಲ್ಲ. ಇಷ್ಟಾದರೂ ತೆರೆದ ಒಲೆ ದುಂದುಗಾರನೇ. ಸೌದೆಯ ಶಾಖದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮನೆಗೆ, ಮಿಕ್ಕದ್ದು ಆಕಾಶಕ್ಕೆ. ನಮ್ಮ ಕಡೆಯ ಬುದ್ಧಿವಂತಿಕೆಯೂ ಕಡಿಮೆಯದಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಲವರು ಊರಿನಲ್ಲಿ ನೋಡಿರಬೇಕು. ಮೂರು ಪಾತ್ರೆಗೆ ಒಂದೇ ಉರಿ, ಹೊಗೆಗೆ ಪ್ರತ್ಯೇಕ ದಾರಿ. ಎಷ್ಟೋ ಮನೆಗಳ ತಾಯಂದಿರ ಕಣ್ಣು ಉಳಿಸಿದ ಒಲೆ ಅದು.

ಈಗ ಎರಡನೆಯ ಅಂಕಕ್ಕೆ ಬರುತ್ತೇನೆ. ಇದಕ್ಕಾಗಿಯೇ ನಾನು ಇಲ್ಲಿ ನಿಂತದ್ದು.

ಹೊಗೆ ಹೋಗಲೆಂದು ಎರಡು ಗಂಟೆಯ ಕಾಲ ಬಾಗಿಲು ಕಿಟಕಿಗಳನ್ನು ತೆರೆದಿಟ್ಟಿದ್ದರಿಂದ ರಾಯರ ಮನೆ ಮೊದಲಿಗಿಂತ ತಣ್ಣಗಾಗಿತ್ತು. ಅಂಗಳದ ಬಾಣಲೆಯಲ್ಲಿ ಕೊಳ್ಳಿಗಳೆಲ್ಲ ಉರಿದು ಕೆಂಪನೆಯ ಕೆಂಡವಾಗಿ ಕುಳಿತಿದ್ದವು. ಹೊಗೆಯ ಎಳೆಯೂ ಇಲ್ಲ. ನೋಡಿದವರಿಗೆ ಎರಡು ಅಂಗೈ ಚಾಚಬೇಕೆನಿಸುವಷ್ಟು ಚೆಂದ. "ಹೊಗೆ ಹೋಯ್ತು, ಇನ್ನು ಭಯವಿಲ್ಲ" ಎಂದು ಆ ಬಾಣಲೆಯನ್ನು ಅಜ್ಜಿಯೂ ಇಬ್ಬರು ಮಕ್ಕಳೂ ಮಲಗುವ ಕೋಣೆಯ ಮೂಲೆಯಲ್ಲಿ ಎರಡು ಇಟ್ಟಿಗೆಯ ಮೇಲಿಟ್ಟರು. ಸಂದುಗಳಿಗೆ ಪಂಚೆಯ ಚೂರುಗಳು ಮತ್ತೆ ಹೋದವು. ಅಜ್ಜಿ ಸಂತೋಷದಿಂದಲೇ ಒಪ್ಪಿದರು. ಅವರ ಊರಿನಲ್ಲಿ ಮಳೆಗಾಲವಿಡೀ ಅಗ್ಗಿಷ್ಟಿಕೆಯ ಕೆಂಡದ ಪಕ್ಕದಲ್ಲಿಯೇ ಮಲಗಿ ಎದ್ದವರು ಅವರು. ಯಾರಿಗೂ ಎಂದೂ ಏನೂ ಆಗಿರಲಿಲ್ಲ.

ಆಗದಿದ್ದುದಕ್ಕೆ ಕಾರಣ ಆ ಮನೆ. ಮಲೆನಾಡಿನ ಹಂಚಿನ ಮನೆಗೆ ಚಾವಣಿಯಿಲ್ಲ; ಹಂಚು ಹಂಚಿನ ನಡುವೆಯೂ ಗಾಳಿಗೆ ದಾರಿ. ಒಲೆಯ ಮೇಲಿನ ಅಟ್ಟದಲ್ಲಿ ಇಲ್ಲಣ ಜೋತಾಡುತ್ತಿದ್ದರೂ ಮನೆ ಸದಾ ಉಸಿರಾಡುತ್ತಿರುತ್ತದೆ. ದೆಹಲಿಯ ಗಾರೆಯ ಕೋಣೆಗೆ, ಅದೂ ಪಂಚೆ ತುರುಕಿದ ಕೋಣೆಗೆ, ಉಸಿರೇ ಇಲ್ಲ. ಇದ್ದಿಲಾಗಲಿ ಕೆಂಡವಾಗಲಿ ಗಾಳಿ ಸಾಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಹೊರಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ, ಕೆಮ್ಮಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಮೋಹ ಈ ಅನಿಲದ ಮೇಲೆ. ಒಮ್ಮೆ ಹಿಡಿಯಿತೆಂದರೆ ಬಿಡಲು ಗಂಟೆಗಳು ಬೇಕು. ಅಷ್ಟು ಹೊತ್ತೂ ಮೆದುಳಿಗೂ ಹೃದಯಕ್ಕೂ ಉಸಿರು ಸಾಲದು. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸು, ಕೈಕಾಲು ಸೋಲು, ಅನಂತರ ನಿದ್ರೆ. ಮೊದಲೇ ನಿದ್ರೆಯಲ್ಲಿರುವವರಿಗೆ ಈ ಎಚ್ಚರಿಕೆಗಳೂ ಇಲ್ಲ.

ಇತಿಹಾಸದಲ್ಲಿ ಇದಕ್ಕೆ ದೊಡ್ಡದೊಂದು ಬಲಿಯಾಗಿದೆ. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಬೇಸಗೆಯನ್ನು ಹಳ್ಳಿಯ ಮನೆಯಲ್ಲಿ ಕಳೆದು ಪ್ಯಾರಿಸಿನ ಮನೆಗೆ ಹಿಂದಿರುಗಿದ. ಥಂಡಿಯಿದ್ದುದರಿಂದ ಮಲಗುವ ಕೋಣೆಯ ಒಲೆ ಹೊತ್ತಿಸಿದರು. ಹೊಗೆಗೂಡು ಸರಿಯಾಗಿ ಎಳೆಯುತ್ತಿರಲಿಲ್ಲ. ರಾತ್ರಿ ಹೆಂಡತಿಗೆ ತಲೆನೋವಿನಿಂದ ಎಚ್ಚರವಾಯಿತು. ಆಳುಗಳನ್ನು ಎಬ್ಬಿಸೋಣವೆಂದರೆ, ಅಜೀರ್ಣವಿರಬೇಕು, ಬೆಳಗಿಗೆ ಸರಿಹೋಗುತ್ತದೆಂದು ಅವನು ತಡೆದ. ಕಿಟಕಿ ತೆರೆಯಲೆಂದು ಎದ್ದವನು ನೆಲಕ್ಕೆ ಬಿದ್ದ. ಬೆಳಗ್ಗೆ ಬಾಗಿಲೊಡೆದಾಗ ಹೆಂಡತಿಗೆ ಇನ್ನೂ ಜೀವವಿತ್ತು, ಆಕೆ ಬದುಕಿದರು, ಜೋಲಾ ಬದುಕಲಿಲ್ಲ. ಡ್ರೇಫಸ್ ಪ್ರಕರಣದಲ್ಲಿ ಸರ್ಕಾರವನ್ನೂ ಸೈನ್ಯವನ್ನೂ ಎದುರಿಸಿ 1898ರಲ್ಲಿ ಬಹಿರಂಗ ಪತ್ರ ಬರೆದಿದ್ದವನಾದ್ದರಿಂದ ಶತ್ರುಗಳಿಗೆ ಕೊರತೆಯಿರಲಿಲ್ಲ. ಹೊಗೆಗೂಡನ್ನು ಬೇಕೆಂದೇ ಮುಚ್ಚಿದೆನೆಂದು ಒಬ್ಬ ಕೆಲಸಗಾರ ಹೇಳಿಕೊಂಡಿದ್ದನೆಂಬ ಸುದ್ದಿ 1953ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿತು, ಸಾಬೀತಾಗಲಿಲ್ಲ. ಶತ್ರುವೋ ಮಸಿಯೋ, ಕೊಂದದ್ದು ಮಾತ್ರ ಆ ಕಾಣದ ಅನಿಲ.

ರಾಯರ ಮನೆಯಲ್ಲಿಯೂ ಅಜೀರ್ಣದ ಮಾತೇ ಮೊದಲು ಬಂದಿತು. ರಾತ್ರಿ ಸುಮಾರು ಒಂದು ಗಂಟೆಗೆ ಕಿರಿಯ ಹುಡುಗ ವಾಂತಿ ಮಾಡಿಕೊಂಡು ಅಳುವುದು ತಾಯಿಗೆ ಕೇಳಿಸಿತು. ಬಜ್ಜಿ ಹೆಚ್ಚಾಯಿತೆಂದುಕೊಂಡು ಎದ್ದು ಬಂದರು. ಹುಡುಗನನ್ನು ಎತ್ತಿಕೊಂಡು, "ಅತ್ತೆ, ಸ್ವಲ್ಪ ದೀಪ ಹಾಕಿ" ಎಂದರೆ ಅತ್ತೆ ಮಾತನಾಡಲಿಲ್ಲ. ಹಿರಿಯಳನ್ನು ಅಲುಗಿಸಿದರೆ ಬಟ್ಟೆಯ ಬೊಂಬೆಯಂತೆ ಹೊರಳಿದಳು. ಆಗ ಅವರು ಮಾಡಿದ್ದು ಒಂದೇ ಕೆಲಸ, ಅದೇ ಸರಿಯಾದ ಕೆಲಸ: ಗಂಡನನ್ನು ಕೂಗುತ್ತಲೇ ಅಂಗಳದ ಕಡೆಯ ಬಾಗಿಲನ್ನು ಒದ್ದು ತೆರೆದರು. ಆ ಕೂಗಿಗೆ ನಾನು ಓಡಿ ಬಂದೆ. ಕೋಣೆಯಲ್ಲಿ ಹೊಗೆಯಿಲ್ಲ, ವಾಸನೆಯಿಲ್ಲ. ಮೂಲೆಯಲ್ಲಿ ಕೆಂಡ ಇನ್ನೂ ಚೆಂದವಾಗಿ ಹೊಳೆಯುತ್ತಿತ್ತು. ಆ ಹೊಳಪನ್ನು ನಾನು ಮರೆತಿಲ್ಲ. ಮೂವರನ್ನೂ ರಜಾಯಿಯ ಸಮೇತ ಅಂಗಳಕ್ಕೆ ಎಳೆದು ತಂದೆವು. ಚಳಿಗಾಳಿ ಮುಖಕ್ಕೆ ತಗಲಿ ಹುಡುಗಿ ಕಣ್ಣು ಬಿಟ್ಟಳು. ಅಜ್ಜಿಯ ಉಸಿರು ಇತ್ತು, ಎಚ್ಚರವಿರಲಿಲ್ಲ. ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಆಮ್ಲಜನಕ ಕೊಟ್ಟರು. ಮಕ್ಕಳು ಮಧ್ಯಾಹ್ನಕ್ಕೆ ಆಟಕ್ಕಿಳಿದರು. ಅಜ್ಜಿಗೆ ತಲೆಭಾರ ಇಳಿಯಲು ಎರಡು ದಿನ ಹಿಡಿಯಿತು. ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು, "ಹೊಗೆಯೇ ಇರಲಿಲ್ಲವಲ್ಲೋ ಮಗೂ?"

ಆ ಪ್ರಶ್ನೆಯೇ ನನ್ನನ್ನು ಇಷ್ಟು ವರ್ಷ ಕಾಡಿದೆ. ಸಂಜೆಯ ಹೊಗೆ ಮನೆಯನ್ನು ಕೆಡಿಸಿತು, ಗೋಡೆಯನ್ನು ಕೆಡಿಸಿತು, ಆದರೆ ಎಲ್ಲರನ್ನೂ ಕೂಗಿ ಹೊರಗೆ ಅಟ್ಟಿತು. ರಾತ್ರಿಯ ಕೆಂಡ ಕೂಗಲಿಲ್ಲ. ಗಣಿಗಳಲ್ಲಿ ದುಡಿಯುವವರಿಗೆ ಈ ಅನಿಲ ಹಳೆಯ ಶತ್ರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಣ್ಣ ಪ್ರಾಣಿಗಳನ್ನು ಒಳಗೆ ಒಯ್ಯಲು ಸೂಚಿಸಿದ. ಮನುಷ್ಯನಿಗಿಂತ ಮೊದಲು ಅವು ಸೋಲುತ್ತವೆ. ಪಂಜರದ ಕ್ಯಾನರಿ ಹಕ್ಕಿಗಳು ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಈ ನೌಕರಿ ಮಾಡಿದವು. ರಾಯರ ಮನೆಯಲ್ಲಿ ಆ ಹಕ್ಕಿಯ ಕೆಲಸ ಮಾಡಿದವನು ಕಿರಿಯ ಹುಡುಗ.

ಇದು ಹಳೆಯ ಕಾಲದ ಮಾತೆಂದು ಭಾವಿಸಬೇಡಿ. ಪ್ರತಿ ಚಳಿಗಾಲದಲ್ಲೂ ಅಂಗೀಠಿಯನ್ನು ಕೋಣೆಯೊಳಗಿಟ್ಟು ಮಲಗಿ ಏಳದವರ ಸುದ್ದಿ ಈ ಊರಿನ ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮ ಬೆಂಗಳೂರಿನಲ್ಲಿಯೂ, ಚಳಿ ಕಾಯಿಸದ ಊರಿನಲ್ಲಿಯೂ, ಗಾಳಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಇದೇ ಅನಿಲಕ್ಕೆ ತುತ್ತಾದವರಿದ್ದಾರೆ. 2020ರ ಮಹಾಮಾರಿಯ ಕಾಲದಲ್ಲಿ ನಮ್ಮಲ್ಲಿ ಅನೇಕರು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೊಂಡಿಟ್ಟುಕೊಂಡಿದ್ದಾರೆ, ಅದನ್ನು ನಂಬಬೇಡಿ. ಈ ಅನಿಲ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ ಹಿತವಾದ ಅಂಕಿ ತೋರಿಸುತ್ತದೆ. ಇದಕ್ಕೆಂದೇ ಕೂಗುವ ಯಂತ್ರಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಬೆಂಕಿಯನ್ನಿಟ್ಟುಕೊಳ್ಳಲೇಬೇಕೆಂದವರು ಅದೊಂದನ್ನು ಕೊಳ್ಳಲಿ. ಕೊಂಡರೂ ಕೆಂಡವಿರುವ ಕೋಣೆಯಲ್ಲಿ ಮಲಗದಿರಲಿ.

ಕೊನೆಯಲ್ಲಿ ಒಂದು ಬಿನ್ನಹ. ಕೋಣೆಯೊಳಗೆ ಬಾಣಲೆಯಿಡುವಷ್ಟು ಕಷ್ಟ ಈಗ ನಮ್ಮಲ್ಲಿ ಅನೇಕರಿಗಿಲ್ಲ. ಆದರೆ ನಮ್ಮ ಕಾಲೋನಿಯ ಗೇಟಿನ ಪಕ್ಕದಲ್ಲಿ ತಗಡಿನ ಗೂಡೊಂದಿರುತ್ತದೆ, ಅದರೊಳಗೆ ಚೌಕೀದಾರನೊಬ್ಬನಿರುತ್ತಾನೆ. ಡಿಸೆಂಬರ್ ಬಂದರೆ ಅವನು ಎಣ್ಣೆ ಡಬ್ಬಿಯಲ್ಲಿ ಕಸಕಡ್ಡಿ ಉರಿಸಿ, ಕೆಂಡವಾದ ಮೇಲೆ ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಾನೆ. ದೆಹಲಿಯ ಗಾಳಿ ಕೆಡದಂತೆ ಮಾಡಿರುವ ಚಳಿಗಾಲದ ನಿಯಮಗಳೂ ಕಾವಲುಗಾರರಿಗೆ ವಿದ್ಯುತ್ ಹೀಟರ್ ಒದಗಿಸಬೇಕೆಂದು ನಿವಾಸಿಗಳ ಸಂಘಗಳಿಗೆ ಹೇಳುತ್ತವೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಆ ಹೀಟರಿನ ಮಾತೆತ್ತಿ. ಅದು ಬರುವವರೆಗೆ, ರಾತ್ರಿ ಊಟವಾದ ಮೇಲೆ ಒಂದು ಸುತ್ತು ಹೋಗಿ, ಆ ಗೂಡಿನ ಬಾಗಿಲು ಒಂದು ಗೇಣು ತೆರೆದಿದೆಯೇ ನೋಡಿ ಬನ್ನಿ.